ಹಸಿಗಾರೆಗೆ ಮುನ್ನ: ಬರೋಕ್ ದೇವಾಲಯಗಳ ಕರಡುಚಿತ್ರಗಳು ಮತ್ತು ಪೂರ್ವಛಾಯೆಯ ದೈವಶಾಸ್ತ್ರ

ಹಿಬ್ರಿಯರಿಗೆ ಬರೆದ ಪತ್ರದ ಹತ್ತನೆಯ ಅಧ್ಯಾಯವು ಧರ್ಮಶಾಸ್ತ್ರವನ್ನು ಬರಲಿದ್ದ ಒಳಿತುಗಳ ಛಾಯೆಯೆಂದು ಕರೆಯುತ್ತದೆ. ಅದು ಅವುಗಳ ನಿಜರೂಪವಲ್ಲವೆಂದೂ ಹೇಳುತ್ತದೆ. ಗ್ರೀಕ್ ಮೂಲದಲ್ಲಿ ಇಲ್ಲಿ ಎರಡು ಪದಗಳು ಎದುರುಬದುರಾಗಿ ನಿಂತಿವೆ. ಒಂದು 'ಸ್ಕಿಯಾ', ಅಂದರೆ ನೆರಳು; ಇನ್ನೊಂದು 'ಐಕೋನ್', ಅಂದರೆ ರೂಪ ಅಥವಾ ಚಿತ್ರ. ಈ ವಾಕ್ಯವನ್ನು ವಿವರಿಸಲು ಹೊರಟ ಸಂತ ಯೊವಾನ್ನ ಕ್ರಿಸೊಸ್ತೊಮರು ಚಿತ್ರಕಾರನ ಕೆಲಸವನ್ನೇ ದೃಷ್ಟಾಂತವಾಗಿ ತೆಗೆದುಕೊಂಡರು. ಬರಿಯ ಹೊರರೇಖೆ ಎಳೆದಿರುವಾಗ ಕಾಣುವುದು ಛಾಯೆ, ಬಣ್ಣಗಳು ತುಂಬಿದ ಮೇಲೆ ಅದೇ ರೂಪವಾಗುತ್ತದೆ ಎಂಬುದು ಅವರ ವಿವರಣೆಯ ತಾತ್ಪರ್ಯ. ಅವರಿಗಿಂತ ಸುಮಾರು ಎರಡು ಶತಮಾನ ಮುಂಚೆ ಸಾರ್ದಿಸಿನ ಧರ್ಮಾಧ್ಯಕ್ಷ ಮೆಲಿತೊ ತಮ್ಮ ಪಾಸ್ಖ ಪ್ರಬೋಧನೆಯಲ್ಲಿ ಇನ್ನೂ ಕಟುವಾದ ಮಾತನ್ನು ಆಡಿದ್ದರು. ಕಟ್ಟುವವನು ಮೊದಲು ಮೇಣದಲ್ಲೋ ಮಣ್ಣಿನಲ್ಲೋ ಮರದಲ್ಲೋ ಒಂದು ಮಾದರಿಯನ್ನು ಮಾಡುತ್ತಾನೆ. ಉದ್ದೇಶಿಸಿದ ವಸ್ತು ಎದ್ದು ನಿಂತ ಮೇಲೆ ಆ ಮಾದರಿಗೆ ಬೆಲೆಯಿರುವುದಿಲ್ಲ. ಹಾಗೆಯೇ ಹಳೆಯ ಒಡಂಬಡಿಕೆಯ ಪಾಸ್ಖವೂ ಎಂದು ಅವರು ವಾದಿಸಿದರು.

ಈ ದೃಷ್ಟಾಂತವನ್ನು ನಾವು ಗುರುಮಠದ ತರಗತಿಗಳಲ್ಲಿ ಕೇಳುತ್ತೇವೆ, ಪ್ರಬೋಧನಾಪೀಠದಿಂದ ಹೇಳುತ್ತೇವೆ. ಆದರೆ ಚಿತ್ರಕಾರರು ತಮ್ಮ ಕರಡುಗಳನ್ನು ನಿಜವಾಗಿ ಹೇಗೆ ನಡೆಸಿಕೊಂಡರು ಎಂದು ವಿಚಾರಿಸುವುದು ಅಪರೂಪ. ಹದಿನೇಳನೆಯ ಮತ್ತು ಹದಿನೆಂಟನೆಯ ಶತಮಾನಗಳ ಬರೋಕ್ ದೇವಾಲಯಗಳ ಛಾವಣಿಚಿತ್ರಗಳಿಗಾಗಿ ರಚಿತವಾದ ತೈಲವರ್ಣದ ಕರಡುಗಳು ಈ ವಿಚಾರಣೆಗೆ ಒಳ್ಳೆಯ ಸಾಕ್ಷಿಗಳು. ಅವುಗಳ ಸ್ವರೂಪವನ್ನು ಮೊದಲು ವಿವರಿಸಿ, ಬಳಿಕ ಮೆಲಿತೊ ಅವರ ಮಾತಿಗೆ ಮರಳುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

1. ಗಾರೆಯ ನಿರ್ಬಂಧ

ಫ್ರೆಸ್ಕೊ ಎಂಬ ಇಟಾಲಿಯನ್ ಪದಕ್ಕೆ ತಾಜಾ, ಹಸಿ ಎಂದು ಅರ್ಥ. ಗೋಡೆಗೆ ಮೊದಲು ಒರಟು ಗಾರೆ ಬಳಿದು, ಅದರ ಮೇಲೆ ಸುಣ್ಣ ಮತ್ತು ಮರಳಿನ ನಯವಾದ ಪದರವನ್ನು ಹಚ್ಚಿ, ಅದು ಇನ್ನೂ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣಗಳಿಂದ ಚಿತ್ರ ಬರೆಯುತ್ತಾರೆ. ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವಾಗ ಬಣ್ಣದ ಕಣಗಳು ಆ ಗಟ್ಟಿ ಪದರದಲ್ಲಿ ಸಿಕ್ಕಿಕೊಳ್ಳುತ್ತವೆ. ಆದುದರಿಂದಲೇ ಫ್ರೆಸ್ಕೊ ಶತಮಾನಗಳ ಕಾಲ ಬಾಳುತ್ತದೆ. ಅದನ್ನು ತಿದ್ದುವುದು ಕಷ್ಟವಾಗಿರುವುದೂ ಇದೇ ಕಾರಣದಿಂದ.

ಒಂದು ದಿನದಲ್ಲಿ ಮುಗಿಸಬಹುದಾದಷ್ಟು ಭಾಗಕ್ಕೆ ಮಾತ್ರ ನಯಗಾರೆ ಹಚ್ಚುವುದು ರೂಢಿ. ಇಂಥ ಒಂದು ತುಂಡಿಗೆ 'ಜೊರ್ನಾತಾ', ಅಂದರೆ ಒಂದು ದಿನದ ಕೆಲಸ, ಎಂದು ಹೆಸರು. ಗಾರೆ ಒಣಗಿದ ಮೇಲೆ ತಪ್ಪು ಕಂಡರೆ ಇರುವುದು ಎರಡೇ ದಾರಿ. ಆ ಭಾಗವನ್ನು ಕೆತ್ತಿ ತೆಗೆದು ಹೊಸ ಗಾರೆ ಹಚ್ಚಬೇಕು. ಇಲ್ಲವೇ ಒಣಗಾರೆಯ ಮೇಲೆ ಅಂಟುಬಣ್ಣದಿಂದ ತಿದ್ದಬೇಕು. ಎರಡನೆಯ ಬಗೆಯ ತಿದ್ದುಪಡಿ ಕಾಲಾಂತರದಲ್ಲಿ ಸಿಪ್ಪೆಯೆದ್ದು ಉದುರುತ್ತದೆ. ಇದಲ್ಲದೆ ಹಸಿಯಾಗಿರುವಾಗ ಗಾಢವಾಗಿ ಕಂಡ ಬಣ್ಣ ಒಣಗಿದಾಗ ತಿಳಿಯಾಗುತ್ತದೆ. ಸುಣ್ಣದ ಕ್ಷಾರವನ್ನು ತಡೆಯದ ಬಣ್ಣಗಳನ್ನು ಬಳಸುವಂತೆಯೂ ಇಲ್ಲ.

ಆದ್ದರಿಂದ ಅಟ್ಟಣಿಗೆ ಏರುವ ಮುಂಚೆಯೇ ಚಿತ್ರಕಾರನು ಮುಖ್ಯ ತೀರ್ಮಾನಗಳನ್ನೆಲ್ಲ ಮಾಡಿಕೊಂಡಿರಬೇಕು. ಅಟ್ಟಣಿಗೆಯ ಮೇಲೆ ನಿಂತವನ ಕಣ್ಣಿಗೆ ಮೂಗಿನ ಮುಂದಿರುವ ಒಂದು ತೋಳೋ ಒಂದು ಮೋಡದ ಅಂಚೋ ಮಾತ್ರ ಕಾಣುತ್ತದೆ. ಇಡೀ ಚಿತ್ರ ಕಾಣುವುದಿಲ್ಲ. ಇಡಿಯನ್ನು ಆತ ಬೇರೆಡೆ ಕಂಡಿರಬೇಕು, ಕಂಡದ್ದನ್ನು ನಂಬಿ ಕೆಲಸ ಮಾಡಬೇಕು. ಆ ಬೇರೆಡೆ ಎಂಬುದೇ ಕರಡುಚಿತ್ರ.

2. ಕರಡಿನ ಬಗೆಗಳು ಮತ್ತು ಒಪ್ಪಿಗೆ

ಲೇಖನಿಯಿಂದಲೋ ಸೀಮೆಸುಣ್ಣದಿಂದಲೋ ಬರೆದ ರೇಖಾಚಿತ್ರಗಳು ನವೋದಯ ಕಾಲದಲ್ಲೂ ಇದ್ದವು. ಬರೋಕ್ ಯುಗದಲ್ಲಿ ತೈಲವರ್ಣದ ಕರಡು ವಿಶೇಷ ಪ್ರಾಮುಖ್ಯ ಪಡೆಯಿತು. ಆ ಯುಗದ ಛಾವಣಿಚಿತ್ರಗಳು ರೇಖೆಗಿಂತ ಹೆಚ್ಚಾಗಿ ಬೆಳಕಿನ ರಾಶಿಗಳನ್ನು ಅವಲಂಬಿಸಿವೆ. ತೆರೆದ ಆಕಾಶ, ಸುತ್ತುಗಟ್ಟಿದ ಮೋಡಗಳು, ಒಂದು ಬಿಂದುವಿನಿಂದ ಹೊಮ್ಮಿ ಅಂಚಿನ ಕತ್ತಲೆಯತ್ತ ಸಾಗುವ ಪ್ರಭೆ ಇವನ್ನು ರೇಖೆ ತೋರಿಸಲಾರದು. ತೈಲವರ್ಣ ನಿಧಾನವಾಗಿ ಒಣಗುತ್ತದೆ. ಒರಸಬಹುದು, ಮೇಲೆ ಮತ್ತೆ ಬರೆಯಬಹುದು. ಗಾರೆ ಕೊಡದ ಸ್ವಾತಂತ್ರ್ಯವನ್ನು ಅದು ಕೊಡುತ್ತಿತ್ತು.

ಕಲಾಚರಿತ್ರಕಾರರು ಈ ಚಿಕ್ಕ ಚಿತ್ರಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಕಲ್ಪನೆ ರೂಪುಗೊಳ್ಳುತ್ತಿರುವಾಗ ವೇಗವಾಗಿ ಬರೆದದ್ದು 'ಬೊಜ್ಜೆತ್ತೊ'. ಚಿತ್ರ ಬರೆಸುವವರ ಒಪ್ಪಿಗೆಗಾಗಿ ಹೆಚ್ಚು ಪೂರ್ಣವಾಗಿ ಸಿದ್ಧಪಡಿಸಿದ್ದು 'ಮೊದೆಲ್ಲೊ'. ದೊಡ್ಡ ಚಿತ್ರ ಮುಗಿದ ಮೇಲೆ ಅದರ ನೆನಪಿಗಾಗಿ ಬರೆದದ್ದು 'ರಿಕೊರ್ದೊ'. ಕಣ್ಣಮುಂದಿರುವ ಒಂದು ಚಿಕ್ಕ ಕ್ಯಾನ್ವಾಸು ಇವುಗಳಲ್ಲಿ ಯಾವುದೆಂದು ಹೇಳುವುದು ಹಲವು ವೇಳೆ ತಜ್ಞರಿಗೂ ಕಷ್ಟ. ಈ ಸಂಗತಿಗೆ ನಾವು ಮುಂದೆ ಮರಳುತ್ತೇವೆ.

ಮೊದೆಲ್ಲೊ ಎಂಬ ಒಪ್ಪಿಗೆಯ ಚಿತ್ರಕ್ಕೆ ಧರ್ಮಸಭೆಯ ಶಿಸ್ತೂ ಹಿನ್ನೆಲೆಯಾಗಿತ್ತು. ತ್ರೆಂತ್ ಮಹಾಸಭೆಯು 1563ರ ಡಿಸೆಂಬರ್‌ನಲ್ಲಿ ನಡೆದ ಇಪ್ಪತ್ತೈದನೆಯ ಅಧಿವೇಶನದಲ್ಲಿ ಪವಿತ್ರ ಚಿತ್ರಗಳ ಕುರಿತು ನಿರ್ಣಯ ಹೊರಡಿಸಿತು. ಚಿತ್ರಗಳ ಮೂಲಕ ಜನರಿಗೆ ವಿಶ್ವಾಸದ ರಹಸ್ಯಗಳನ್ನು ಬೋಧಿಸಬೇಕು. ರೂಢಿಯಲ್ಲಿಲ್ಲದ ಯಾವ ಚಿತ್ರವನ್ನೂ ಧರ್ಮಾಧ್ಯಕ್ಷರ ಒಪ್ಪಿಗೆಯಿಲ್ಲದೆ ದೇವಾಲಯದಲ್ಲಿ ಇರಿಸಬಾರದು ಎಂದು ಅದು ವಿಧಿಸಿತು. ಗಾರೆ ಒಣಗಿದ ಮೇಲೆ ಆಕ್ಷೇಪಿಸುವುದಕ್ಕಿಂತ ಚಿಕ್ಕ ಚಿತ್ರವನ್ನು ಮುಂದಿಟ್ಟುಕೊಂಡು ಚರ್ಚಿಸುವುದು ಎಲ್ಲರಿಗೂ ಲೇಸು. ಚಿತ್ರಕಾರ, ಹಣ ಕೊಡುವವರು, ದೈವಶಾಸ್ತ್ರಜ್ಞರು ಒಂದೇ ಚಿತ್ರವನ್ನು ನೋಡುತ್ತಾ ಮಾತಾಡಬಹುದಾದ ಸ್ಥಳ ಅದು.

ರೋಮ್ ನಗರದ ಜೆಸು ದೇವಾಲಯ ಇದಕ್ಕೆ ಪ್ರಸಿದ್ಧ ಉದಾಹರಣೆ. ಯೇಸುಸಭೆಯ ಮಹಾಧಿಕಾರಿಯಾಗಿದ್ದ ಜಾನ್ ಪಾವೊಲೊ ಒಲೀವಾ ಅವರು 1672ರಲ್ಲಿ ಜೆನೋವಾದ ಚಿತ್ರಕಾರ ಜೊವಾನ್ನಿ ಬತ್ತಿಸ್ತಾ ಗಾವುಲ್ಲಿಗೆ ಆ ದೇವಾಲಯವನ್ನು ಚಿತ್ರಿಸುವ ಕೆಲಸ ವಹಿಸಿದರು. ಬೆರ್ನೀನಿಯ ಬೆಂಬಲವೂ ಆತನಿಗಿತ್ತು. ನಡುಮನೆಯ ಕಮಾನುಛಾವಣಿಯ ಮೇಲಿನ 'ಯೇಸುನಾಮದ ವಿಜಯ' 1679ರ ಡಿಸೆಂಬರ್ 31ರಂದು ಜನರ ಕಣ್ಣಿಗೆ ತೆರೆಯಿತು. ಮರುದಿನ, ಜನವರಿ 1, ಶಿಶುವಿಗೆ ಯೇಸುವೆಂದು ಹೆಸರಿಟ್ಟುದರ ಸ್ಮರಣೆ. ಆ ದೇವಾಲಯದ ಹಬ್ಬ. ಫಿಲಿಪ್ಪಿಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ಇದರ ಆಧಾರ. ಮಧ್ಯದಲ್ಲಿ ಪ್ರಭುವಿನ ನಾಮಾಕ್ಷರಗಳು ಬೆಳಕಾಗಿ ಕರಗಿವೆ. ಸುತ್ತ ಸಂತರು ಮತ್ತು ದೂತರು ಆರಾಧಿಸುತ್ತಾರೆ. ಆ ನಾಮವನ್ನು ನಿರಾಕರಿಸಿದವರು ಚೌಕಟ್ಟನ್ನೇ ದಾಟಿ ಕೆಳಗಿರುವ ಭಕ್ತರ ಕಡೆಗೆ ಉರುಳಿ ಬೀಳುತ್ತಿದ್ದಾರೆ. ಗಾವುಲ್ಲಿ ಇದಕ್ಕಾಗಿ ಬರೆದ ತೈಲವರ್ಣದ ಕರಡು ರೋಮ್‌ನ ಸ್ಪಾದಾ ಕಲಾಲಯದಲ್ಲಿದೆ. ಛಾವಣಿಯಲ್ಲಿ ಕತ್ತೆತ್ತಿ ಭಾಗಭಾಗವಾಗಿ ನೋಡಬೇಕಾದುದನ್ನು ಅಲ್ಲಿ ಒಂದೇ ನೋಟಕ್ಕೆ ಕಾಣಬಹುದು. ಒಂದು ನಾಮದಿಂದ ಹೊರಟ ಬೆಳಕೇ ಕೆಲವರಿಗೆ ಮಹಿಮೆಯೂ ಕೆಲವರಿಗೆ ತೀರ್ಪೂ ಆಗುತ್ತದೆಂಬ ಬೋಧನೆ ಬಣ್ಣದ ಹಂಚಿಕೆಯಲ್ಲೇ ಅಡಗಿದೆ.

3. ಚಿಕ್ಕದರಿಂದ ದೊಡ್ಡದಕ್ಕೆ

ಕರಡನ್ನು ಛಾವಣಿಗೆ ಸಾಗಿಸುವುದು ಬರಿಯ ಹಿಗ್ಗಿಸುವ ಕೆಲಸವಲ್ಲ. ಕರಡು ಚಪ್ಪಟೆ, ಕಮಾನು ಬಾಗಿದ್ದು. ಕರಡನ್ನು ಎದುರಿಗೆ ಹಿಡಿದು ನೋಡುತ್ತೇವೆ, ಛಾವಣಿಯನ್ನು ನೆಲದಿಂದ ತಲೆಯೆತ್ತಿ ನೋಡುತ್ತೇವೆ. ಈ ಕಷ್ಟವನ್ನು ಎಲ್ಲರಿಗಿಂತ ಚೆನ್ನಾಗಿ ಬಿಡಿಸಿದವರು ಯೇಸುಸಭೆಯ ಸಹೋದರ ಆಂದ್ರೆಯಾ ಪೋಜ್ಜೊ. 1642ರಲ್ಲಿ ತ್ರೆಂತ್ ನಗರದಲ್ಲಿ ಹುಟ್ಟಿ, 1709ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡ ಅವರು ಗುರುದೀಕ್ಷೆ ಪಡೆದವರಲ್ಲ. ರೋಮ್‌ನ ಸಂತ ಇಗ್ನಾಸಿಯವರ ದೇವಾಲಯದಲ್ಲಿ ಗುಮ್ಮಟ ಕಟ್ಟಲಾಗದೆ ಉಳಿದಿದ್ದ ಜಾಗಕ್ಕೆ ಅವರು 1685ರ ಹೊತ್ತಿಗೆ ಗುಮ್ಮಟದಂತೆ ಕಾಣುವ ಒಂದು ಚಪ್ಪಟೆ ಕ್ಯಾನ್ವಾಸನ್ನು ಚಿತ್ರಿಸಿ ಕೊಟ್ಟರು. 1694ರ ಹೊತ್ತಿಗೆ ನಡುಮನೆಯ ಕಮಾನುಛಾವಣಿಯನ್ನು ಮುಗಿಸಿದರು. ಅವರ ತೈಲವರ್ಣದ ಕರಡುಗಳೂ ಉಳಿದಿವೆ.

ತಮ್ಮ ವಿಧಾನವನ್ನು ಪೋಜ್ಜೊ 1693 ಮತ್ತು 1700ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾದ ಪರಿಪ್ರೇಕ್ಷ್ಯಶಾಸ್ತ್ರದ ಗ್ರಂಥದಲ್ಲಿ ವಿವರಿಸಿದ್ದಾರೆ. ಚಿಕ್ಕ ಚಿತ್ರದ ಮೇಲೆ ಚೌಕಗಳ ಬಲೆ ಎಳೆಯಬೇಕು. ಅದೇ ಲೆಕ್ಕದ ದಾರದ ಬಲೆಯನ್ನು ಕಮಾನಿನ ಕೆಳಗೆ ಅಡ್ಡಲಾಗಿ ಬಿಗಿಯಬೇಕು. ನೋಡುವವನ ಕಣ್ಣಿರುವ ಸ್ಥಾನದಲ್ಲಿ ದೀಪವಿಟ್ಟರೆ ದಾರಗಳ ನೆರಳು ಬಾಗಿದ ಮೇಲ್ಮೈಯ ಮೇಲೆ ಬೀಳುತ್ತದೆ. ಆ ನೆರಳಿನ ಗೆರೆಗಳನ್ನು ಗುರುತಿಸಿಕೊಂಡು ಚೌಕ ಚೌಕವಾಗಿ ಚಿತ್ರವನ್ನು ಮೇಲಕ್ಕೆ ಸಾಗಿಸಬೇಕು. ಹೀಗೆ ಬರೆದ ಛಾವಣಿ ಒಂದು ನಿರ್ದಿಷ್ಟ ಸ್ಥಾನದಿಂದ ಮಾತ್ರ ಸರಿಯಾಗಿ ಕಾಣುತ್ತದೆ. ಆ ಸ್ಥಾನವನ್ನು ದೇವಾಲಯದ ನೆಲದಲ್ಲಿ ಅಮೃತಶಿಲೆಯ ವೃತ್ತದಿಂದ ಗುರುತಿಸಲಾಗಿದೆ. ಪಕ್ಕಕ್ಕೆ ಸರಿದರೆ ಕಂಬಗಳು ವಾಲುತ್ತವೆ.

ಚಿತ್ರದ ಅರ್ಥವನ್ನೂ ಪೋಜ್ಜೊ ಒಂದು ಪತ್ರದಲ್ಲಿ ತಿಳಿಸಿದ್ದಾರೆ. ಪಿತನಿಂದ ಸುತನಿಗೆ ಬಂದ ಬೆಳಕು ಸಂತ ಇಗ್ನಾಸಿಯವರ ಹೃದಯವನ್ನು ತಾಗಿ, ಅಲ್ಲಿಂದ ಆಗ ತಿಳಿದಿದ್ದ ನಾಲ್ಕು ಭೂಖಂಡಗಳಿಗೂ ಹರಡುತ್ತದೆ. ಲೂಕನ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದಲ್ಲಿ ಪ್ರಭು ಭೂಮಿಗೆ ಬೆಂಕಿ ಹಾಕಲು ಬಂದಿರುವುದಾಗಿ ಹೇಳುವ ಮಾತು ಇದಕ್ಕೆ ಮೂಲ. ಇಂಥ ಬೆಳಕಿನ ನಡೆಯನ್ನು ನಿಶ್ಚಯಿಸುವುದು ಬಣ್ಣದ ಕರಡಿನಲ್ಲಿ ಮಾತ್ರ ಸಾಧ್ಯ.

4. ಸುಟ್ಟುಹೋದ ಛಾವಣಿ, ಉಳಿದ ಕರಡು

ಈಗ ಮೆಲಿತೊ ಅವರ ಮಾತನ್ನು ಪರೀಕ್ಷಿಸುವ ಎರಡು ಘಟನೆಗಳಿಗೆ ಬರೋಣ.

ಮೊದಲನೆಯದು ಆಂಟ್ವರ್ಪ್ ನಗರದ್ದು. ಅಲ್ಲಿಯ ಯೇಸುಸಭೆಯವರು 1620ರ ಮಾರ್ಚ್ 29ರಂದು ಪೀಟರ್ ಪಾಲ್ ರೂಬೆನ್ಸ್ ಜೊತೆ ಒಂದು ಕರಾರು ಮಾಡಿಕೊಂಡರು. ಹೊಸ ದೇವಾಲಯದ ಪಕ್ಕದ ಮೊಗಸಾಲೆಗಳ ಛಾವಣಿಗೆ 39 ಚಿತ್ರಗಳು ಬೇಕಾಗಿದ್ದವು. ಇವು ಫ್ರೆಸ್ಕೊಗಳಲ್ಲ, ಛಾವಣಿಗೆ ಕೂಡಿಸುವ ತೈಲವರ್ಣದ ಕ್ಯಾನ್ವಾಸುಗಳು. ಆದರೆ ಕರಡಿನ ಪಾತ್ರ ಇಲ್ಲಿಯೂ ಅದೇ. ಚಿಕ್ಕ ಕರಡುಗಳನ್ನು ರೂಬೆನ್ಸ್ ಸ್ವಂತ ಕೈಯಿಂದ ಬರೆಯಬೇಕು. ದೊಡ್ಡ ಚಿತ್ರಗಳನ್ನು ವಾನ್ ಡೈಕ್ ಮತ್ತು ಇತರ ಶಿಷ್ಯರು ಬರೆಯಬಹುದು. ಕೊನೆಯಲ್ಲಿ ರೂಬೆನ್ಸ್ ಅವನ್ನು ತಿದ್ದಿ ಕೊಡಬೇಕು ಎಂಬುದು ಷರತ್ತು. ಕರಡುಗಳನ್ನು ಸಭೆಗೆ ಒಪ್ಪಿಸಬೇಕು, ಇಲ್ಲವೇ ಅವುಗಳ ಬದಲಿಗೆ ಇನ್ನೊಂದು ಬಲಿಪೀಠದ ಚಿತ್ರ ಬರೆದುಕೊಡಬೇಕು ಎಂದೂ ಕರಾರಿನಲ್ಲಿತ್ತು. ರೂಬೆನ್ಸ್ ಕರಡುಗಳನ್ನು ತಾವೇ ಇಟ್ಟುಕೊಂಡರು.

ಮೇಲಿನ ಮೊಗಸಾಲೆಗಳಲ್ಲಿ ಹಳೆಯ ಒಡಂಬಡಿಕೆಯ ದೃಶ್ಯಗಳೂ ಹೊಸ ಒಡಂಬಡಿಕೆಯ ದೃಶ್ಯಗಳೂ ಜೊತೆಜೊತೆಯಾಗಿ ಬರುತ್ತಿದ್ದವು. ಅಬ್ರಹಾಮನಿಗೆ ರೊಟ್ಟಿ ಮತ್ತು ದ್ರಾಕ್ಷಾರಸ ತರುವ ಮೆಲ್ಕಿಸದೇಕನ ಜೊತೆಗೆ ಕಡೆಯ ಭೋಜನ, ಇಸಾಕನ ಬಲಿಯ ಜೊತೆಗೆ ಶಿಲುಬೆಯನ್ನು ಎತ್ತುವ ದೃಶ್ಯ, ಎಲೀಯನ ಅಗ್ನಿರಥದ ಜೊತೆಗೆ ಪ್ರಭುವಿನ ಸ್ವರ್ಗಾರೋಹಣ, ಎಸ್ತೇರಳ ಜೊತೆಗೆ ಮಾತೆ ಮರಿಯಮ್ಮನವರ ಕಿರೀಟಧಾರಣೆ. ಪೂರ್ವಛಾಯೆ ಮತ್ತು ನೆರವೇರಿಕೆಯ ಪಾಠವನ್ನು ಭಕ್ತರು ತಲೆಯ ಮೇಲೆಯೇ ಓದಬಹುದಿತ್ತು.

1718ರ ಜುಲೈ 18ರಂದು ದೇವಾಲಯಕ್ಕೆ ಸಿಡಿಲು ಬಡಿಯಿತು. ಬೆಂಕಿಯಲ್ಲಿ 39 ಚಿತ್ರಗಳೂ ನಾಶವಾದವು. ಇಂದು ಆ ಛಾವಣಿಯನ್ನು ರೂಬೆನ್ಸ್ ಕೈಯಿಂದಲೇ ಕಾಣಬೇಕೆನ್ನುವವರು ಲಂಡನ್, ಪ್ಯಾರಿಸ್, ವಿಯೆನ್ನಾ ಮೊದಲಾದೆಡೆ ಹಂಚಿಹೋಗಿರುವ ಚಿಕ್ಕ ಓಕ್ ಹಲಗೆಗಳ ಬಳಿಗೆ ಹೋಗಬೇಕು. ನೆರವೇರಿಕೆಯೆಂದು ಭಾವಿಸಿದ ದೊಡ್ಡ ಚಿತ್ರ ಅಳಿಯಿತು, ಬೆಲೆ ಕಳೆದುಕೊಳ್ಳಬೇಕಾಗಿದ್ದ ಕರಡು ಉಳಿಯಿತು.

ಎರಡನೆಯದು ವೆನಿಸ್ ನಗರದ್ದು. ಪಾದುಕೆರಹಿತ ಕಾರ್ಮೆಲ್ ಸಭೆಯವರ ಸ್ಕಾಲ್ಜಿ ದೇವಾಲಯದಲ್ಲಿ ಜೊವಾನ್ನಿ ಬತ್ತಿಸ್ತಾ ತ್ಯೆಪೊಲೊ 1743ರಿಂದ 1745ರವರೆಗೆ ಒಂದು ಮಹಾ ಫ್ರೆಸ್ಕೊ ರಚಿಸಿದರು. ನಜರೇತಿನ ಪವಿತ್ರ ಮನೆಯನ್ನು ದೇವದೂತರು ಆಕಾಶಮಾರ್ಗವಾಗಿ ಲೊರೆತೊಗೆ ಹೊತ್ತು ತಂದರೆಂಬ ಪರಂಪರೆ ಅದರ ವಸ್ತು. ಮೊದಲ ಮಹಾಯುದ್ಧದಲ್ಲಿ, 1915ರ ಅಕ್ಟೋಬರ್‌ನಲ್ಲಿ, ಆಸ್ಟ್ರಿಯಾದ ಬಾಂಬೊಂದು ಆ ಛಾವಣಿಯ ಮೇಲೆ ಬಿತ್ತು. ದೇವಾಲಯ ರೈಲು ನಿಲ್ದಾಣಕ್ಕೆ ಹತ್ತಿಕೊಂಡೇ ಇದೆ. ಹಳೆಯ ಛಾಯಾಚಿತ್ರಗಳು, ಕೆಲವು ತುಣುಕುಗಳು, ಮತ್ತು ತ್ಯೆಪೊಲೊ ಅವರ ಎರಡು ತೈಲವರ್ಣದ ಕರಡುಗಳು ಉಳಿದವು. ಕರಡುಗಳಲ್ಲಿ ಒಂದು ವೆನಿಸ್‌ನ ಅಕಾದೆಮಿಯಾ ಕಲಾಲಯದಲ್ಲಿದೆ, ಇನ್ನೊಂದು ಅಮೆರಿಕದ ಗೆಟ್ಟಿ ಸಂಗ್ರಹಾಲಯದಲ್ಲಿದೆ. ಎರಡೂ ಒಂದರ ಪಡಿಯಚ್ಚು ಇನ್ನೊಂದಲ್ಲ. ಚಿತ್ರಕಾರನ ಚಿಂತನೆ ಹೆಜ್ಜೆಹೆಜ್ಜೆಯಾಗಿ ಬದಲಾದುದನ್ನು ಅವು ತೋರಿಸುತ್ತವೆ.

5. ಛಾಯೆಯ ಬೆಲೆ

ಮೆಲಿತೊ ಅವರ ದೃಷ್ಟಾಂತ ಮಾದರಿಯ ಬೆಲೆಯನ್ನು ಅದರ ಉಪಯೋಗದಲ್ಲಿ ಮಾತ್ರ ಕಾಣುತ್ತದೆ. ಈ ದೃಷ್ಟಿ ಪಾಸ್ಖ ರಹಸ್ಯದ ಹೊಸತನವನ್ನು ಎತ್ತಿ ಹಿಡಿಯುತ್ತದೆ ನಿಜ. ಆದರೆ ಇದರ ನೆರಳಿನಲ್ಲಿ ಒಂದು ಅಪಾಯವೂ ಬೆಳೆಯಿತು. ಇಸ್ರಯೇಲರ ಗ್ರಂಥಗಳು ಕೆಲಸ ಮುಗಿದ ಮೇಲೆ ಮೂಲೆಗೆಸೆದ ಕರಡು, ಆ ಜನಾಂಗ ತಿರಸ್ಕೃತ ಜನಾಂಗ ಎಂಬ ಭಾವನೆ ಕ್ರೈಸ್ತ ಬೋಧನೆಯಲ್ಲಿ ಬಹುಕಾಲ ನೆಲೆಸಿತು. ಅದರ ಕಹಿಫಲವನ್ನು ಯೆಹೂದ್ಯರು ಉಂಡರು. ದೇವರು ಕೊಟ್ಟ ವರಗಳನ್ನೂ ಕರೆಯನ್ನೂ ಹಿಂತೆಗೆಯುವುದಿಲ್ಲವೆಂದು ರೋಮನರಿಗೆ ಬರೆದ ಪತ್ರದ ಹನ್ನೊಂದನೆಯ ಅಧ್ಯಾಯ ಬೋಧಿಸುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕ್ರೈಸ್ತೇತರ ಧರ್ಮಗಳ ಕುರಿತ ತನ್ನ ಘೋಷಣೆಯಲ್ಲಿ ಈ ಬೋಧನೆಯನ್ನೇ ಮತ್ತೆ ಎತ್ತಿ ಹಿಡಿಯಿತು.

ಚಿತ್ರಶಾಲೆಯ ನಿಜಸ್ಥಿತಿ ಈ ವಿಷಯದಲ್ಲಿ ನಮ್ಮ ದೃಷ್ಟಾಂತವನ್ನು ಮೂರು ಬಗೆಯಲ್ಲಿ ತಿದ್ದುತ್ತದೆ.

ಮೊದಲನೆಯದಾಗಿ, ಕರಡು ಗುರುವಿನ ಸ್ವಂತ ಕೈಬರಹ. ಆಂಟ್ವರ್ಪಿನ ಕರಾರು ಇದನ್ನೇ ಬಯಸಿತು. ಗಾತ್ರದಲ್ಲಿ ಕಿರಿದಾದುದರಿಂದ ಕರ್ತೃತ್ವದಲ್ಲಿ ಕಿರಿದಾಗಲಿಲ್ಲ. ಹಾಗೆಯೇ ವಿಮೋಚನಾಕಾಂಡದ ಪಾಸ್ಖವನ್ನು ಬರೆದ ಕೈ ಮತ್ತು ಗೊಲ್ಗೊಥಾದ ರಹಸ್ಯವನ್ನು ಬರೆದ ಕೈ ಒಂದೇ.

ಎರಡನೆಯದಾಗಿ, ಕರಡು ನೆರವೇರಿಕೆಗೆ ಸಾಕ್ಷಿ. ದೊಡ್ಡ ಚಿತ್ರ ಕಣ್ಮರೆಯಾದಾಗ ಅದರ ಉದ್ದೇಶವನ್ನು ನಾವು ಕರಡಿನಿಂದಲೇ ಅರಿಯುತ್ತೇವೆ. ಎಮ್ಮಾವುಸಿನ ದಾರಿಯಲ್ಲಿ ಶಿಷ್ಯರು ಪ್ರಭುವನ್ನು ಗುರುತಿಸದೆ ಹೋದಾಗ ಅವರು ತಮ್ಮನ್ನು ವಿವರಿಸಲು ಮೋಶೆಯ ಮತ್ತು ಪ್ರವಾದಿಗಳ ಗ್ರಂಥಗಳಿಂದಲೇ ಆರಂಭಿಸಿದರು.

ಮೂರನೆಯದಾಗಿ, ಛಾಯೆಗೆ ಎರಡು ದಿಕ್ಕುಗಳಿವೆ. ವಿಮೋಚನಾಕಾಂಡದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಮೋಶೆಗೆ ಬೆಟ್ಟದ ಮೇಲೆ ಒಂದು ಮಾದರಿಯನ್ನು ತೋರಿಸಲಾಯಿತು. ಅದರಂತೆಯೇ ಎಲ್ಲವನ್ನೂ ಮಾಡಬೇಕೆಂಬ ಆಜ್ಞೆಯಾಯಿತು. ಹಿಬ್ರಿಯರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯ ಈ ಮಾತನ್ನು ನೆನೆದು, ಭೂಮಿಯ ಗುಡಾರವನ್ನು ಸ್ವರ್ಗೀಯ ನಿಜದ ಪ್ರತಿಯೆಂದೂ ಛಾಯೆಯೆಂದೂ ಕರೆಯುತ್ತದೆ. ಇಲ್ಲಿ ಛಾಯೆ ಮುಂದಿನದರ ಸೂಚನೆ ಮಾತ್ರವಲ್ಲ, ಮೇಲಿನದರ ಪ್ರತಿಬಿಂಬವೂ ಹೌದು.

ದೃಷ್ಟಾಂತಕ್ಕೆ ಎಲ್ಲೆಯಿದೆಯೆಂಬುದನ್ನೂ ಮರೆಯಬಾರದು. ಚಿತ್ರಕಾರ ತನ್ನ ಅರಿವಿನ ಕೊರತೆಯಿಂದ ಕರಡು ಬರೆದು ತಿದ್ದುತ್ತಾನೆ. ದೇವರಲ್ಲಿ ಅಂಥ ಕೊರತೆಯಿಲ್ಲ. ರೂಬೆನ್ಸರ ಛಾವಣಿ ಸುಟ್ಟುಹೋಯಿತು. ಕ್ರಿಸ್ತರಲ್ಲಾದ ನೆರವೇರಿಕೆ ಅಳಿಯುವಂಥದಲ್ಲ. ಕರಡು ಉಳಿದ ಮಾತ್ರಕ್ಕೆ ಅದು ಛಾವಣಿಗೆ ಸಮವೆಂದು ನಾವು ಹೇಳುತ್ತಿಲ್ಲ. ನೆರವೇರಿಕೆ ಪೂರ್ವಛಾಯೆಯನ್ನು ರದ್ದು ಮಾಡುವುದಿಲ್ಲ, ಅದರ ಅರ್ಥವನ್ನು ತೆರೆಯುತ್ತದೆ ಎಂಬಷ್ಟೇ ನಮ್ಮ ಮಾತು.

ಮೊದೆಲ್ಲೊ ಮತ್ತು ರಿಕೊರ್ದೊ ಒಂದನ್ನೊಂದು ಹೋಲುತ್ತವೆಂದು ಹೇಳಿದ್ದೆವು. ಒಂದು ಬರಲಿರುವುದರ ಮುನ್ನೋಟ, ಇನ್ನೊಂದು ಆಗಿಹೋದುದರ ಸ್ಮರಣೆ. ದಿವ್ಯಬಲಿಪೂಜೆಯಲ್ಲಿ ಈ ಎರಡೂ ಒಂದಾಗಿವೆ: ಪ್ರಭುವಿನ ಮರಣ ಪುನರುತ್ಥಾನಗಳ ಸ್ಮರಣೆಯೇ ಸ್ವರ್ಗೀಯ ಔತಣದ ಮುನ್ನೋಟವೂ ಆಗಿದೆ. ಆದರೆ ಪರಮಪ್ರಸಾದ ಚಿತ್ರವಲ್ಲ. ಅಲ್ಲಿ ಸೂಚಿಸುವಾತನೇ ಸನ್ನಿಹಿತನಾಗಿದ್ದಾನೆ. ಯಾವ ಹೋಲಿಕೆಯೂ ಇಲ್ಲಿ ನಿಂತು ತಲೆಬಾಗಬೇಕು.

6. ನಮ್ಮ ಧರ್ಮಕೇಂದ್ರಗಳಲ್ಲಿ

ಈ ಪರಂಪರೆ ನಮ್ಮ ನಾಡಿಗೆ ದೂರದ್ದಲ್ಲ. ಬೆರ್ಗಾಮೊ ಸಮೀಪ 1854ರಲ್ಲಿ ಹುಟ್ಟಿ, ಪೋಜ್ಜೊ ಅವರಂತೆ ಯೇಸುಸಭೆಯ ಸಹೋದರರಾದ ಆಂತೋನಿಯೊ ಮೊಸ್ಕೇನಿ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಮಂಗಳೂರಿಗೆ ಬಂದು ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ಚಿತ್ರಿಸಿದರು. ಗೋಡೆಗಳ ಮೇಲೆ ಫ್ರೆಸ್ಕೊ, ಛಾವಣಿಯಲ್ಲಿ ತೈಲವರ್ಣದ ಕ್ಯಾನ್ವಾಸು ಎಂಬ ಎರಡೂ ವಿಧಾನಗಳನ್ನು ಅಲ್ಲಿ ಒಟ್ಟಿಗೆ ನೋಡಬಹುದು. ಅವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಹಸಿಗಾರೆಯ ಮುಂದೆ ತೀರ್ಮಾನಿಸಿ ನಿಲ್ಲುವ ಶಿಸ್ತನ್ನು ನಮ್ಮ ಗುರು ಅಭ್ಯರ್ಥಿಗಳು ಅಲ್ಲಿ ಕಣ್ಣಾರೆ ಕಲಿಯಬಹುದು.

ಇದರಿಂದ ಎರಡು ವ್ಯವಹಾರದ ಮಾತುಗಳು ಹೊರಡುತ್ತವೆ. ಧರ್ಮಕೇಂದ್ರದಲ್ಲಿ ಬಲಿಪೀಠದ ಗೋಡೆಗೆ ಚಿತ್ರ ಬರೆಸುವಾಗ ಅಳತೆ ಮತ್ತು ಹಣದ ಮಾತಿಗೆ ನಿಲ್ಲದೆ, ಬಣ್ಣದ ಕರಡನ್ನು ಮೊದಲು ಕೇಳಿ ಪಡೆಯೋಣ. ಅದನ್ನು ಪಾಲನಾ ಮಂಡಳಿಯ ಮುಂದೆ, ಸಾಧ್ಯವಾದರೆ ಭಕ್ತರೆಲ್ಲರ ಮುಂದೆ ಇಟ್ಟು, ಚಿತ್ರ ಏನನ್ನು ಬೋಧಿಸುತ್ತದೆಂದು ವಿಚಾರಿಸೋಣ. ಗೋಡೆಯ ಮೇಲೇರಿದ ತಪ್ಪನ್ನು ಒಂದು ತಲೆಮಾರು ಪೂರ್ತಿ ನೋಡುತ್ತಾ ಪ್ರಾರ್ಥಿಸಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಆ ಕರಡನ್ನು ಧರ್ಮಕೇಂದ್ರದ ದಾಖಲೆಗಳೊಡನೆ ಜೋಪಾನವಾಗಿ ಇರಿಸೋಣ. ಆಂಟ್ವರ್ಪಿನ ಸಿಡಿಲನ್ನೂ ವೆನಿಸ್‌ನ ಬಾಂಬನ್ನೂ ಯಾರೂ ನಿರೀಕ್ಷಿಸಿರಲಿಲ್ಲ.

ಇನ್ನೊಂದು ಮಾತು ಪ್ರಬೋಧಕರಿಗೆ. ಭಾನುವಾರದ ಮೊದಲ ವಾಚನವನ್ನು ಶುಭಸಂದೇಶಕ್ಕೆ ಹತ್ತುವ ಮೆಟ್ಟಿಲೆಂದಷ್ಟೇ ಎಣಿಸಿ ದಾಟಿಬಿಡುವ ಅಭ್ಯಾಸ ನಮ್ಮಲ್ಲಿದೆ. ಅದನ್ನು ಅದರ ಸ್ವಂತ ಬೆಳಕಿನಲ್ಲಿ ಒಮ್ಮೆ ನಿಂತು ನೋಡೋಣ. ಒಂದೇ ಕೈ ಬರೆದ ಚಿಕ್ಕ ಹಲಗೆಯ ಮುಂದೆ ನಿಂತವನಿಗೆ ದೊಡ್ಡ ಛಾವಣಿಯ ಅರ್ಥ ಇನ್ನಷ್ಟು ತಿಳಿಯಾಗುತ್ತದೆ.